ಒಂದೇ ತಪ್ಪಿನ ನಾಲ್ಕು ಕುದುರೆಗಳು

ಕೆಲವರಿಗೆ ಜಿರಳೆ ಕಂಡರೆ ಹೇಸಿಗೆ, ಕೆಲವರಿಗೆ ಹಾಲಿನ ಮೇಲೆ ಕಟ್ಟಿದ ಕೆನೆ ಕಂಡರೆ. ಪ್ರಲ್ಹಾದ ಬಡಿಗೇರನಿಗೆ ಹೇಸಿಗೆ ಹುಟ್ಟುವುದು ಸರಿಯಾಗಿ ಕೂಡದ ಕೀಲು ಕಂಡರೆ. ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ ಅವನು ಸತ್ಯನಾರಾಯಣನಿಗೆ ಕೈ ಮುಗಿಯುವ ಮೊದಲು ಬಾಗಿಲ ಚೌಕಟ್ಟಿನ ಮೂಲೆಗೆ ಉಗುರು ತೂರಿಸಿ ನೋಡುತ್ತಾನೆ. ಉಗುರು ಒಳಗೆ ಹೋಯಿತೆಂದರೆ ಮುಗಿಯಿತು, ಆ ಮನೆಯ ಶಿರಾ ಅವನ ಗಂಟಲಿನಲ್ಲಿ ಇಳಿಯುವುದಿಲ್ಲ. "ಹೊಟ್ಟಿ ತೊಳಸತದ" ಎಂದು ಎದ್ದುಬಿಡುತ್ತಾನೆ. ಹೆಂಡತಿ ಗೌರಾಬಾಯಿ ಇಂಥ ಎಷ್ಟೋ ಮನೆಗಳಲ್ಲಿ ಅವನ ಪಾಲಿನದನ್ನೂ ಹೊಗಳಿ ಹೊಗಳಿ ತಾನೇ ತಿಂದು ಮಾನ ಉಳಿಸಿದ್ದಾಳೆ.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ಬೈಲಹೊಂಗಲದ ಪ್ರಲ್ಹಾದ ಬೆಳಗಾವಿಯ ಶಿವರುದ್ರಪ್ಪ ಮಿಸ್ತ್ರಿಯ ಕೈಕೆಳಗೆ ಪ್ಯಾಟರ್ನ್ ಕೆಲಸ ಕಲಿತು, ಇಪ್ಪತ್ತೆರಡನೆಯ ವಯಸ್ಸಿಗೆ ಪುಣೆಗೆ ಬಂದು, ಭೋಸರಿಯ ಒಂದು ಫೌಂಡ್ರಿಯಲ್ಲಿ ಮೂವತ್ತೆಂಟು ವರ್ಷ ತೆಗೆದವನು. ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಮೊದಲು ಆ ವಸ್ತುವಿನ ಆಕಾರವನ್ನು ಯಾರಾದರೂ ಮರದಲ್ಲಿ ಮಾಡಿಕೊಡಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆದರೆ ಅಚ್ಚಿನೊಳಗೆ ಕಬ್ಬಿಣ ಇಳಿಯುತ್ತದೆ, ಮರ ಗೋದಾಮಿನ ಮೂಲೆಗೆ ಹೋಗುತ್ತದೆ. ಪ್ರಲ್ಹಾದ ಮಾಡಿದ ಆಕಾರದ ಪಂಪುಗಳು ಇವತ್ತಿಗೂ ಬಾರಾಮತಿಯ ಕಬ್ಬಿನ ಗದ್ದೆಗಳಿಗೆ ನೀರು ಎತ್ತುತ್ತಿವೆ. ಅವುಗಳ ಮೇಲೆ ಕಂಪನಿಯ ಹೆಸರಿದೆ, ಊರಿನ ಹೆಸರಿದೆ, ವರ್ಷವಿದೆ. ಮರದವನ ಹೆಸರನ್ನು ಯಾರು ಹಾಕುತ್ತಾರೆ? ಪ್ಯಾಟರ್ನಿನ ಮೇಲೂ ಕೆಂಪು ಬಣ್ಣದಲ್ಲಿ ಬರೆದ ಒಂದು ನಂಬರು ಮಾತ್ರ.

ಶಿವರುದ್ರಪ್ಪ ಮಿಸ್ತ್ರಿ ಕಲಿಸಿದ್ದು ಒಂದೇ ಪಾಠ. ಮಾಡಿದವನ ಕೈ ಮರದ ಮೇಲೆ ಎಲ್ಲಿಯೂ ಕಾಣಬಾರದು. ನಾಲ್ಕು ಮಾಡಿದರೆ ನಾಲ್ಕೂ ಒಂದೇ ಆಗಿರಬೇಕು, ಯಾವುದು ಮೊದಲು ಮಾಡಿದ್ದು ಎಂಬುದು ಮಾಡಿದವನಿಗೂ ತಿಳಿಯಬಾರದು. ಅರ್ಧ ಮಿಲಿಮೀಟರು ಆಚೀಚೆಯಾದ ಪ್ಯಾಟರ್ನನ್ನು ಮಿಸ್ತ್ರಿ ಮಾತಾಡದೆ ಚಹದ ಒಲೆಗೆ ಹಾಕುತ್ತಿದ್ದ. ಹಾಗೆ ಕುದಿದ ಚಹವನ್ನು ಪ್ರಲ್ಹಾದ ಮೊದಲ ವರ್ಷ ಸಾಕಷ್ಟು ಕುಡಿದಿದ್ದಾನೆ.

ಅಂಥವನನ್ನು ನಿವೃತ್ತಿಯಾದ ಎರಡನೆಯ ವರ್ಷ ಪುಣೆಯ ಬಾಣೇರಿನ ಒಂದು ಅಂಗಡಿಗೆ ಕರೆಸಿಕೊಂಡವಳು ಸಿಂಧೂರ. ಮೈಸೂರಿನ ಕಡೆಯ ಹುಡುಗಿ. ವಾರವೆಲ್ಲ ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯ ಕೆಲಸ, ಅದರ ನಡುವೆಯೇ ಕಿವಿಗೆ ಒಂದು ಫೋನು ಸಿಕ್ಕಿಸಿಕೊಂಡು ಈ ಅಂಗಡಿ. 'ಕೈಯಿಂದ ಮಾಡಿದ ಮರದ ಸಾಮಾನು' ಎಂದು ಹೊರಗೆ ಬೋರ್ಡು. ವಿಡಿಯೋ ನೋಡಿ ನೋಡಿ ಅವಳು ಸ್ಕ್ರೋಲ್ ಸಾ ಎಂಬ ಒಂದು ಯಂತ್ರ ಕೊಂಡಿದ್ದಳು. ಹೊಲಿಗೆ ಯಂತ್ರದ ಸೂಜಿ ಇರುತ್ತದಲ್ಲ, ಹಾಗೆ ಮೇಲೆ ಕೆಳಗೆ ಕುಣಿಯುವ ಎಳೆಯಷ್ಟು ತೆಳ್ಳನೆಯ ಗರಗಸ, ಕೆಳಗೊಂದು ಪುಟ್ಟ ಮೇಜು. ಮೊದಲ ದಿನವೇ ಗರಗಸದ ಆರು ಎಳೆ ಮುರಿದುಕೊಂಡು, ಹೆದರಿ, ಯಂತ್ರಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದಳು. ಭವಾನಿ ಪೇಠಿನ ಟಿಂಬರ್ ಮಾರ್ಕೆಟ್ಟಿನವನೊಬ್ಬ ಪ್ರಲ್ಹಾದನ ನಂಬರು ಕೊಟ್ಟನಂತೆ.

ಅಂಗಡಿಯಲ್ಲಿ ಒಂದು ಸುತ್ತು ಹಾಕುವಷ್ಟರಲ್ಲೇ ಪ್ರಲ್ಹಾದನಿಗೆ ವಾಕರಿಕೆ ಬಂತು. ನಾಯಿ ಕಚ್ಚಿ ಬಿಟ್ಟಂಥ ಸೌಟುಗಳು. ನಾಲ್ಕು ಕಾಲಿಗೆ ನಾಲ್ಕು ಉದ್ದದ ಸ್ಟೂಲು. ಗೋಡೆಗೆ ಒರಗಿಸಿದ ಒಂದು ಹಲಗೆಗೆ ಇನ್ನೂ ತೊಗಟೆ ಅಂಟಿಕೊಂಡೇ ಇತ್ತು, ಅದಕ್ಕೆ ಮೇಜು ಎಂದು ಹೆಸರು.

"ಇದೇನ್ರೀ ಮೇಡಂ, ತೊಗಟಿ ಸುದ್ದಾ ತಗದಿಲ್ಲಲ್ಲ?"

"ಅದು ನ್ಯಾಚುರಲ್ ಲುಕ್ ಅಂಕಲ್. ಹಾಗೇ ಬಿಡ್ಬೇಕು."

"ಹಂಗಾರ ಗಿಡಾನ ತಂದ ನಿಲ್ಲಸಬೇಕಿತ್ತು. ಯಾಕ ಕಡದ್ರಿ?"

ಅವಳು ನಕ್ಕಳು. ಪ್ರಲ್ಹಾದ ನಗಲಿಲ್ಲ, ಚಪ್ಪಲಿ ಮೆಟ್ಟಿಕೊಳ್ಳಲು ಬಾಗಿಲಿಗೆ ನಡೆದ. ಆಗ ಹಿಂದಿನಿಂದ ಅವಳು ಆಡಿದ ಮಾತು ಅವನನ್ನು ಹಿಡಿದು ನಿಲ್ಲಿಸಿತು.

"ಅಂಕಲ್, ನಂಗೆ ಒಂದು ಒಳ್ಳೆ ಚೆಸ್ ಸೆಟ್ ಬೇಕು. ನಿಮ್ಮ ಹೆಸರಲ್ಲೇ ಹೋಗತ್ತೆ. ಕುದುರೆ ಕೆಳಗಡೆ ಹಾಟ್ ಪೆನ್ನಲ್ಲಿ ಸುಟ್ಟು ಬರೆಯೋದು, ಪ್ರಲ್ಹಾದ ಬಡಿಗೇರ, ಪುಣೆ ಅಂತ. ಕನ್ನಡದಲ್ಲೇ ಬರೀರಿ, ಚೆನ್ನಾಗಿರತ್ತೆ. ಸೆಟ್ ಕೈಗೆ ತಗೊಂಡೋರು ಮೊದಲು ತಿರುಗಿಸಿ ನೋಡೋದು ಕುದುರೇನೇ."

ಚಪ್ಪಲಿಯೊಳಗೆ ಹೋದ ಕಾಲು ಹೊರಗೆ ಬಂತು.

ಚಿಂಚವಡದ ಮನೆಯಲ್ಲಿ ಇದನ್ನು ಕೇಳಿ ಗೌರಾಬಾಯಿಗೆ ತಮಾಷೆಯೆನಿಸಿತು. "ರೇಶನ್ ಕಾರ್ಡಿನ್ಯಾಗ ಅದ, ಲೈಟ್ ಬಿಲ್ಲಿನ್ಯಾಗ ಅದ. ಇನ್ನೆಲ್ಲೆ ಬೇಕ್ರಿ ನಿಮಗ ಹೆಸರು?"

"ಮಾಡಿದ ಕೆಲಸದ ಮ್ಯಾಲ ಬೇಕು" ಎಂದ ಪ್ರಲ್ಹಾದ. ಅವನ ದನಿಯಲ್ಲಿದ್ದುದನ್ನು ಕೇಳಿಸಿಕೊಂಡು ಅವಳು ಮುಂದೆ ಚೇಷ್ಟೆ ಮಾಡಲಿಲ್ಲ. ಅರವತ್ತೊಂದು ವರ್ಷದ ಗಂಡನಿಗೆ ಇಷ್ಟು ದಿನ ಇಂಥ ಒಂದು ಆಸೆ ಒಳಗೇ ಇತ್ತು ಎಂಬುದು ಅವಳಿಗೂ ಹೊಸದು.

ಇಪ್ಪತ್ತೆರಡು ದಿನ ಹಿಡಿಯಿತು. ಬಿಳಿಯವಕ್ಕೆ ಬೀಚ್ ಮರ, ಕರಿಯವಕ್ಕೆ ಶೀಸಂ. ಸ್ಕ್ರೋಲ್ ಸಾ ಅವನಿಗೆ ಹೊಸದಾದರೂ ಎರಡು ದಿನದಲ್ಲಿ ಅದು ಅವನ ಮಾತು ಕೇಳತೊಡಗಿತು. ಕುದುರೆ ಮಾಡುವ ಬಗೆ ಹೀಗೆ: ಚೌಕದ ಮರದ ತುಂಡಿನ ಒಂದು ಮುಖಕ್ಕೆ ಕುದುರೆಯ ಮುಂದಿನ ನೋಟದ ಚಿತ್ರ ಅಂಟಿಸಬೇಕು, ಪಕ್ಕದ ಮುಖಕ್ಕೆ ಪಕ್ಕದ ನೋಟದ್ದು. ಮೊದಲು ಒಂದು ಮುಖದ ಗೆರೆಯ ಮೇಲೆ ಕೊಯ್ಯುವುದು. ಕೊಯ್ದ ಚೂರುಗಳನ್ನು ಎಸೆಯದೆ ಅಲ್ಲಲ್ಲೇ ಕೂರಿಸಿ, ಟೇಪು ಸುತ್ತಿ, ತುಂಡನ್ನು ಮತ್ತೆ ಇಡಿಯದಾಗಿ ಮಾಡಿ, ಹೊರಳಿಸಿ, ಇನ್ನೊಂದು ಮುಖ ಕೊಯ್ಯುವುದು. ಕೊನೆಗೆ ಟೇಪು ಬಿಚ್ಚಿದರೆ ಚೂರುಗಳೆಲ್ಲ ಸುತ್ತ ಉದುರಿ ನಡುವೆ ಕುದುರೆಯೊಂದು ಕತ್ತೆತ್ತಿ ನಿಂತಿರುತ್ತದೆ. ಮೊದಲನೆಯ ಕುದುರೆ ಹಾಗೆ ನಿಂತಾಗ ಪ್ರಲ್ಹಾದನಿಗೆ, ಹೇಳಲು ನಾಚಿಕೆ, ಕಣ್ಣಿನಲ್ಲಿ ನೀರು ಬಂತು. ದೂಳು ಬಿತ್ತು ಎಂದು ಸಿಂಧೂರಳಿಗೆ ಹೇಳಿದ.

ಮೂವತ್ತೆರಡು ಕಾಯಿಗಳೂ ಸಾಲಾಗಿ ನಿಂತ ದಿನ ಅವನು ಹುಡುಕಿ ಹುಡುಕಿ ಸೋತ. ಹೇಸಿಗೆಪಡಲು ಒಂದೂ ಜಾಗ ಸಿಗಲಿಲ್ಲ. ನಾಲ್ಕು ಕುದುರೆಗಳ ಅಡಿಗೆ ಬಿಸಿ ಪೆನ್ನಿನಿಂದ ಮೆಲ್ಲಗೆ, ಒಂದೊಂದು ಅಕ್ಷರಕ್ಕೂ ಉಸಿರು ಕಟ್ಟಿ, ಹೆಸರು ಬರೆದ. ಸುಟ್ಟ ಮರದ ವಾಸನೆ ಅವನಿಗೆ ಆವತ್ತು ಊದುಬತ್ತಿಗಿಂತ ಹೆಚ್ಚೆನಿಸಿತು. ಸೆಟ್ಟು ವಿಕಾಸ ಎಂಬವನಿಗೆ ಹೋಯಿತು. ತಳೇಗಾಂವ ದಾಭಾಡೆಯ ಹತ್ತಿರ ಅವನು ಹೊಸದೊಂದು ಫಾರ್ಮ್‌ಹೌಸ್ ಕಟ್ಟಿಸಿದ್ದನಂತೆ, ಅದರ ದಿವಾನಖಾನೆಗೆ. ಅಲ್ಲಿಗೆ ಬರುವವರೆಲ್ಲ ಕುದುರೆ ತಿರುಗಿಸಿ ನೋಡುತ್ತಾರೆ ಎಂದು ಪ್ರಲ್ಹಾದ ಲೆಕ್ಕ ಹಾಕಿಟ್ಟುಕೊಂಡ.

ಐದನೆಯ ದಿನ ಸೆಟ್ಟು ವಾಪಸು ಬಂತು. ಜೊತೆಗೆ ವಿಕಾಸನೂ ಬಂದ. ನಲವತ್ತರ ಆಸುಪಾಸು, ಮೊಣಕಾಲಿನ ಹತ್ತಿರ ಹರಿದ ಪ್ಯಾಂಟು, ಅದೂ ಹರಿದ ಸ್ಥಿತಿಯಲ್ಲೇ ಹೊಸದಾಗಿ ಕೊಂಡದ್ದು. ಮೈಗೆ ಹಚ್ಚಿದ ಅತ್ತರು ಶೀಸಮ್ಮಿನ ವಾಸನೆಯನ್ನೂ ಮುಚ್ಚಿಹಾಕಿತು. ಅವನು ನಾಲ್ಕು ಕುದುರೆಗಳನ್ನು ಕೌಂಟರಿನ ಮೇಲೆ ಒಂದರ ಪಕ್ಕ ಒಂದು ನಿಲ್ಲಿಸಿ, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿ, ಮರಾಠಿಯಲ್ಲಿ ತೀರ್ಪು ಕೊಟ್ಟ. "ಹೇ ಹಾತಾನಂ ಕೇಲೇಲಂ ನಾಹೀ." ಇದು ಕೈಯಿಂದ ಮಾಡಿದ್ದಲ್ಲ.

ಪ್ರಲ್ಹಾದನಿಗೆ ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಅನುಮಾನವಾಯಿತು.

ವಿಕಾಸ ತಾಳ್ಮೆಯಿಂದ ವಿವರಿಸಿದ. ಕೈಯಿಂದ ಮಾಡಿದ್ದರಲ್ಲಿ ಒಂದಕ್ಕೂ ಒಂದಕ್ಕೂ ಫರಕು ಇರಬೇಕು. ಇಲ್ಲಿ ನೋಡಿ, ನಾಲ್ಕೂ ಒಂದೇ. ಕಿವಿ ಒಂದೇ, ಜೂಲು ಒಂದೇ. ಇದನ್ನು ಯಾವುದೋ ಕಾರ್ಖಾನೆಯಲ್ಲಿ ಕಂಪ್ಯೂಟರಿನಿಂದ ಕೊರೆಸಿ, ಕೆಳಗೆ ಮಾತ್ರ ಯಾರದೋ ಹೆಸರು ಬರೆಸಿದ್ದೀರಿ. ತಾನು ಇಂಥದಕ್ಕೆಲ್ಲ ಮೋಸ ಹೋಗುವವನಲ್ಲ.

ಯಾರದೋ ಹೆಸರು! ಪ್ರಲ್ಹಾದನ ಕಿವಿ ಬಿಸಿಯಾದವು. "ನನ್ನ ಕೈಲೆ ಮಾಡೀನಿ ಅಂತ ಹೇಳ್ರಿ ಮೇಡಂ ಇವರಿಗೆ" ಎಂದು ಕನ್ನಡದಲ್ಲೇ ಹೇಳಿದ. ನಲವತ್ತು ವರ್ಷ ಆಡಿದ ಮರಾಠಿ ಆ ಗಳಿಗೆ ಅವನ ಬಾಯಿಗೆ ಬರಲಿಲ್ಲ.

ಸಿಂಧೂರ ನಡುವೆ ಬಂದು, ಬೇಕಾದರೆ ಅಂಕಲ್ ನಿಮ್ಮೆದುರಿಗೇ ಒಂದು ಕುದುರೆ ಮಾಡಿ ತೋರಿಸುತ್ತಾರೆ ಎಂದಳು. ವಿಕಾಸನಿಗೆ ಇದು ಬಹಳ ಹಿಡಿಸಿತು, ಫೋನು ತೆಗೆದು ಚಿತ್ರ ತೆಗೆಯಲು ಸಿದ್ಧನಾದ. ಪ್ರಲ್ಹಾದ ಯಂತ್ರದ ಮುಂದೆ ಕೂತ. ಮದಾರಿಯವನ ಮಂಗನಿಗೆ ಹೀಗೇ ಅನಿಸುತ್ತಿರಬೇಕು ಎಂದುಕೊಂಡ. ಮೊದಲ ಮುಖ ಕೊಯ್ದು, ಟೇಪು ಸುತ್ತಿ, ಹೊರಳಿಸುವಷ್ಟರಲ್ಲಿ ವಿಕಾಸ ಅರೆ ಅರೆ ಎನ್ನುತ್ತ ಯಂತ್ರದ ಕಡೆ ಬೆರಳು ಮಾಡಿದ. ಇದೂ ಮಶೀನೇ ಅಲ್ಲವೇ?

"ಹೊಲಿಗಿ ಮಶೀನು ತಾನ ಕುಬಸ ಹೊಲಿತದೇನು?" ಎಂದು ಪ್ರಲ್ಹಾದ ಗೊಣಗಿ ಎರಡನೆಯ ಮುಖಕ್ಕೆ ಕೈ ಹಾಕಿದ. ಕುತ್ತಿಗೆ ಮುಗಿದು ಗರಗಸ ಗದ್ದದ ತಿರುವಿಗೆ ಬಂದಿತ್ತು. ಆಗ ವಿಕಾಸ ಫೋನನ್ನು ಅವನ ಮೂಗಿನ ಹತ್ತಿರ ತಂದು, "ಕಾಕಾ, ಇಕಡೇ ಬಘಾ" ಎಂದ. ಈ ಕಡೆ ನೋಡಿ.

ಮೂವತ್ತೆಂಟು ವರ್ಷದಲ್ಲಿ ಗರಗಸ ಓಡುತ್ತಿರುವಾಗ ಅವನನ್ನು ಯಾರೂ ಮಾತಾಡಿಸಿರಲಿಲ್ಲ. ಮಾಲೀಕರು ಕೂಡ ಬಂದು ನಿಂತು, ಗರಗಸ ನಿಂತ ಮೇಲೆ ಬಾಯಿ ತೆರೆಯುತ್ತಿದ್ದರು. ಬೆರಗಿನಿಂದಲೇ ಪ್ರಲ್ಹಾದ ತಲೆಯೆತ್ತಿದ. ಗರಗಸ ಗೆರೆ ಬಿಟ್ಟು ಕುದುರೆಯ ಕೆಳದುಟಿಯೊಳಗೆ ನುಗ್ಗಿತು.

ಥೂ ಎಂದು ಯಂತ್ರ ನಿಲ್ಲಿಸಿ, ಟೇಪು ಕೂಡ ಬಿಚ್ಚದೆ, ಅದನ್ನು ಚೂರುಪಾರು ಬೀಳುವ ಡಬ್ಬಿಗೆ ಎಸೆದ. ವಿಕಾಸ ಕೈ ಹಾಕಿ ಡಬ್ಬಿಯಿಂದ ಅದನ್ನು ಎತ್ತಿದ. ತಾನೇ ಟೇಪು ಬಿಚ್ಚಿದ. ಚೂರುಗಳು ಉದುರಿ, ತುಟಿ ಹರಿದ, ಗದ್ದ ಕಚ್ಚಿಹೋದ ಕುದುರೆಯೊಂದು ಅವನ ಅಂಗೈಯಲ್ಲಿ ನಿಂತಿತು. ಅವನ ಮುಖ ಅರಳಿತು.

"ಹ್ಯಾಚ್ಯಾತ ಜೀವ ಆಹೇ!" ಇದರಲ್ಲಿ ಜೀವ ಇದೆ. ಇದು, ಇದು ನನಗೆ ಬೇಕಾದದ್ದು ಎಂದು ಕುದುರೆಯನ್ನು ಕೆನ್ನೆಗೆ ಒತ್ತಿಕೊಂಡ. ನಾಲ್ಕೂ ಹೀಗಿರಲಿ, ಉಳಿದ ಕಾಯಿ ಹಾಗೇ ಇರಲಿ, ಭಾನುವಾರ ಬಂದು ಒಯ್ಯುತ್ತೇನೆ. ಕಾಕಾನ ಹೆಸರು ಮಾತ್ರ ಇರಲೇಬೇಕು.

ಗಿರಾಕಿ ಹೋದ ಮೇಲೆ ಪ್ರಲ್ಹಾದ ಹಿಂದಿನ ನಲ್ಲಿಗೆ ಹೋಗಿ ಬಾಯಿ ಮುಕ್ಕಳಿಸಿದ. ಸಿಂಧೂರ ಹಿಂದೆಯೇ ಬಂದಳು.

"ಅಂಕಲ್, ಪ್ಲೀಸ್ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ. ಇದು ಹೋಗ್ಲಿಲ್ಲ ಅಂದ್ರೆ ನಾನು ಚೆಸ್ ಸೆಟ್ ಮಾಡಿಸೋದೇ ನಿಲ್ಲಿಸ್ಬೇಕಾಗತ್ತೆ. ನಿಮ್ಮ ಹೆಸರು ಹೊರಗೆ ಹೋಗ್ಬೇಕಲ್ವಾ? ಮೂರೇ ಮೂರು ಕುದುರೆ. ಅದೇ ಥರ."

ಆ ಸಂಜೆ ಮನೆಯಲ್ಲಿ ಪ್ರಲ್ಹಾದ ತಾಟಿನ ಮುಂದೆ ಕೂತು ರೊಟ್ಟಿ ಮುರಿದು, ಮುರಿದದ್ದನ್ನು ಹಾಗೇ ಇಟ್ಟ. "ಕೆಟ್ಟದ್ದ ಬೇಕಂತ ಅವಗ. ಡಬ್ಬಿಯೊಳಗ ಕೈ ಹಾಕಿ ತಗೊಂಡ. ಎಂಜಲ ಎಲಿ ಎತ್ತಿದಂಗ ಎತ್ತಿದ."

"ತಗೊಳ್ಳವ ಅವ, ಆಡವ ಅವ" ಎಂದಳು ಗೌರಾಬಾಯಿ. "ಮೂವತ್ತೈದು ವರ್ಷ ನನ್ನ ರೊಟ್ಟಿ ದುಂಡಗಿಲ್ಲ ಅಂದ್ರಿ, ನಾ ಏನ ಸತ್ತೆನೇನು? ಒಂದ ಮೂರ ಕುದರಿ ಕೆಡಿಸಿ ಕೊಡ್ರಿ. ಉಳಿದದ್ದೆಲ್ಲಾ ನೆಟ್ಟಗ ಅದಲ್ಲ? ಹೆಸರು ಹೋಗತದ."

ಆ ಕೊನೆಯ ಮಾತು ಕೆಲಸ ಮಾಡಿತು. ಇಪ್ಪತ್ತೆಂಟು ಕಾಯಿ ತನ್ನವು, ಅಪ್ಪಟ ತನ್ನವು. ನಾಲ್ಕು ಕುದುರೆಯ ಮುಖ ಕೆಟ್ಟರೂ ಹೆಸರು ಒಂದು ಮನೆಯ ದಿವಾನಖಾನೆ ಸೇರುತ್ತದೆ. ಹೇಸಿಗೆಯನ್ನು ಔಷಧದಂತೆ ಮೂಗು ಹಿಡಿದು ನುಂಗುವುದು ಎಂದು ನಿರ್ಧರಿಸಿದ.

ಮರುದಿನ ಯಂತ್ರದ ಮುಂದೆ ಕೂತು ಹರಕು ತುಟಿಯ ಕುದುರೆಯನ್ನು ಕೈಗೆತ್ತಿಕೊಂಡ. ಮೂರು ಮಾಡಬೇಕು, ಅದೇ ಥರ. ಅದೇ ಥರ ಎಂದರೆ ಏನು ಎಂಬುದರಲ್ಲಿ ಪ್ಯಾಟರ್ನ್ ಕೆಲಸದವನಿಗೆ ಯಾವ ಗೊಂದಲವೂ ಇಲ್ಲ. ಜೇಬಿನಿಂದ ಅಳತೆಯ ವರ್ನಿಯರ್ ತೆಗೆದ. ಗರಗಸ ತುಟಿಯೊಳಗೆ ಹೋದ ಆಳ ಮೂರೂವರೆ ಮಿಲಿಮೀಟರು. ಕಚ್ಚಿನ ಅಗಲ ಒಂದು. ಗದ್ದದ ಕಡೆ ವಾಲಿದ ಓರೆಯನ್ನು ಕೋನ ಹಿಡಿದು ಅಳೆದ. ಹೊಸ ಕಾಗದದ ಮೇಲೆ ಕುದುರೆ ಬರೆದ, ತುಟಿಯ ಹರಕನ್ನೂ ಸೇರಿಸಿ ಬರೆದ, ನಕಲು ತೆಗೆದು ಮೂರು ತುಂಡಿಗೂ ಅಂಟಿಸಿದ. ಕೆಲಸಕ್ಕೆ ಕೂತ ಮೇಲೆ ಹೇಸಿಗೆ ತಾನಾಗಿಯೇ ಕಡಿಮೆಯಾಯಿತು. ಕೈಗೆ ಗೆರೆಯೊಂದು ಸಿಕ್ಕರೆ ಸಾಕು, ಅದು ಸರಿಯಾದ ಗೆರೆಯೋ ತಪ್ಪಿನ ಗೆರೆಯೋ ಎಂದು ಕೈ ಕೇಳುವುದಿಲ್ಲ. ಶನಿವಾರ ನಾಲ್ಕನ್ನೂ ಕದಲಿಸಿ ಇಟ್ಟು, ಒಂದೇ ಬಣ್ಣದ ಜೋಡಿಯಲ್ಲಿ ಮೊದಲು ಕೆಟ್ಟದ್ದು ಯಾವುದು ಎಂದು ಹುಡುಕಿದ. ಸಿಗಲಿಲ್ಲ. ಬೇಡವೆಂದರೂ ಒಳಗೊಳಗೆ ಖುಷಿಯಾಯಿತು. ನಾಲ್ಕರ ಅಡಿಗೂ ಹೆಸರು ಬರೆದ.

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ವಿಕಾಸ ಬಂದ. ನಾಲ್ಕನ್ನೂ ಸಾಲಾಗಿ ನಿಲ್ಲಿಸಿದ. ಬಗ್ಗಿದ, ಒಂದು ಕಣ್ಣು ಮುಚ್ಚಿದ, ನೆಟ್ಟಗಾದ. ಅವನ ಮುಖ ಹುಳಿಯಾಗಿತ್ತು.

"ಕಾಕಾ, ಚಾರೀಚಾ ಓಠ ಏಕಾಚ ಠಿಕಾಣೀ ತುಟಲಾ ಕಸಾ?" ನಾಲ್ಕರ ತುಟಿಯೂ ಒಂದೇ ಕಡೆ ಹರಿದದ್ದು ಹೇಗೆ?

ಹೇಗೆಂದರೆ? ಹಾಗೆ ಮಾಡಿದ್ದರಿಂದ! ಪ್ರಲ್ಹಾದ ಸಿಂಧೂರಳನ್ನು ನೋಡಿದ. ಅವಳು ಹಣೆ ಹಿಡಿದುಕೊಂಡು ನಿಂತಿದ್ದಳು. ವಿಕಾಸ ಈಗ ಖಾತ್ರಿಯಾಯಿತು ಎಂದ. ಆವತ್ತು ತಾನು ನೋಡಿದ್ದೂ ನಾಟಕ, ಹರಿದ ಕುದುರೆಯನ್ನು ಕಂಪ್ಯೂಟರಿಗೆ ಹಾಕಿ ಮೂರು ನಕಲು ಮಾಡಿಸಿದ್ದೀರಿ. ಹತ್ತಿರದಲ್ಲೇ ಗೆಳೆಯನ ಮನೆಯಲ್ಲಿ ಊಟವಿದೆ, ನಾಲ್ಕಕ್ಕೆ ಬರುತ್ತೇನೆ, ಅಷ್ಟರಲ್ಲಿ ಕೈಯಿಂದ ಮಾಡಿದ ಕುದುರೆ ಇದ್ದರೆ ಒಯ್ಯುತ್ತೇನೆ, ಇಲ್ಲದಿದ್ದರೆ ಇಲ್ಲ. ಹೀಗೆ ಹೇಳಿ ಹೋದ.

"ಅಂಕಲ್! ನಾಲ್ಕೂ ಬೇರೆ ಬೇರೆ ಥರ ಕೆಡಿಸ್ಬೇಕಿತ್ತು ಅಲ್ವಾ?"

"ಅದೇ ಥರ ಅಂದ್ರಲ್ರೀ ನೀವ?"

"ಅದೇ ಥರ ಅಂದ್ರೆ ಅದೇ ಅಂತಲ್ಲ!"

ಇಂಥದನ್ನು ಶಿವರುದ್ರಪ್ಪ ಮಿಸ್ತ್ರಿ ಕಲಿಸಿರಲಿಲ್ಲ. ಪ್ರಲ್ಹಾದ ಹೊಸ ತುಂಡು ತೆಗೆದುಕೊಂಡು, ಈ ಸಲ ಸುಮ್ಮನೆ ಮನಸ್ಸಿಗೆ ಬಂದಂತೆ ಕೊಯ್ಯುತ್ತೇನೆ ಎಂದು ಕೂತ. ಗೆರೆ ಬಿಟ್ಟು ಹೊರಗೆ ಹೋಗು ಎಂದು ಕೈಗೆ ಹೇಳಿದ. ಕೈ ಒಂದು ಕೂದಲಿನಷ್ಟು ಹೊರಗೆ ಹೋಗಿ ತಾನೇ ವಾಪಸು ಬಂತು. ಮುಖ ಬೇರೆ ಕಡೆ ತಿರುಗಿಸಿ ನೋಡಿದ, ಬೆರಳುಗಳು ಮರದ ನಡುಕದಿಂದಲೇ ದಾರಿ ಹಿಡಿದವು. ಎರಡು ಕುದುರೆ ಕೊಯ್ದ. ಎರಡೂ ಅಂದವಾಗಿ, ಅಡ್ಡಿಯಿಲ್ಲದೆ, ಒಂದೇ ಆಗಿ ನಿಂತವು. ಹಣೆಯ ಬೆವರು ಒರೆಸಿಕೊಂಡು ಎದ್ದ.

"ಆಗವಲ್ತು" ಎಂದ. "ನನ್ನ ಕಡಿಂದ ಆಗವಲ್ತು."

ಸಿಂಧೂರ ಗಡಿಯಾರ ನೋಡಿದಳು. ಎರಡು ದಾಟಿತ್ತು. ಕಿವಿಯ ಫೋನು ಕಿತ್ತು ಮೇಜಿನ ಮೇಲಿಟ್ಟು, ಕೂದಲು ಗಂಟು ಹಾಕಿ, ಯಂತ್ರದ ಮುಂದೆ ತಾನೇ ಕೂತಳು. "ನಾನ್ ಮಾಡ್ತೀನಿ. ಟೇಪ್ ಸುತ್ತಿ ಕೊಡಿ ಸಾಕು."

ಪ್ರಲ್ಹಾದ ಸುತ್ತಿ ಕೊಟ್ಟ. ಇದನ್ನು ನೆನೆದರೆ ಇಂದಿಗೂ ಅವನ ಬಾಯಿ ಕಹಿಯಾಗುತ್ತದೆ, ಆದರೆ ಸುತ್ತಿ ಕೊಟ್ಟದ್ದು ನಿಜ. ಕಾಗದ ಅಂಟಿಸಿ ಕೊಟ್ಟ, ಮುರಿದ ಎಳೆ ತೆಗೆದು ಹೊಸ ಎಳೆ ಹಾಕಿ ಕೊಟ್ಟ, ಎಂಟು ಎಳೆ. ಬೆರಳು ದೂರ ಇಡ್ರಿ, ಒತ್ತಬ್ಯಾಡ್ರಿ ಎಂದ. ಅವಳು ಒತ್ತಿದಳು. ಮರ ಕುಣಿಯಿತು, ಕಿರುಚಿತು, ಶೀಸಮ್ಮು ಸುಟ್ಟ ಹೊಗೆ ಎದ್ದಿತು. ಒಂದು ಕುದುರೆಗೆ ಕಿವಿಯೇ ಇಲ್ಲ. ಇನ್ನೊಂದರ ಮೋರೆ ಬಾತುಕೊಂಡು ಕುರಿಯಂತಾಯಿತು. ಮೂರನೆಯದರ ಕುತ್ತಿಗೆ ಒಂದು ಕಡೆ ಸುಟ್ಟು ಕಪ್ಪಾಗಿತ್ತು, ನಾಲ್ಕನೆಯದು ನೆಟ್ಟಗೆ ನಿಲ್ಲಲೇ ಒಲ್ಲದು, ಅಡಿ ಓರೆ. ಕಣ್ಣೆದುರಿಗೆ ಯಾರೋ ಅನ್ನದ ತಪ್ಪೇಲೆಗೆ ಮಣ್ಣು ಸುರಿದಂತೆ ಪ್ರಲ್ಹಾದ ನೋಡುತ್ತ ನಿಂತ. ಬೇಡ ಎನ್ನಲಿಲ್ಲ. ಹೆಸರು ಹೊರಗೆ ಹೋಗಬೇಕಲ್ಲ ಎಂಬ ಮಾತು ಇನ್ನೂ ತಲೆಯಲ್ಲಿ ಕೂತಿತ್ತು. ಅಂಗಡಿಯ ಸೌಟುಗಳ ಮೇಲೆ, ವಿಕಾಸನ ಮೇಲೆ ಇದ್ದ ಹೇಸಿಗೆಯೆಲ್ಲ ಈಗ ತನ್ನ ಮೇಲೆಯೇ ತಿರುಗಿತು.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಸಿಂಧೂರ ಮೈಯ ದೂಳು ಕೊಡವಿ, ನಾಲ್ಕು ಕುದುರೆಗಳನ್ನೂ ತಲೆಕೆಳಗಾಗಿ ಸಾಲಾಗಿಟ್ಟು, ಬಿಸಿ ಪೆನ್ನಿನ ಸ್ವಿಚ್ಚು ಹಾಕಿ 'ಬೇಗ ಅಂಕಲ್, ಹೆಸರು' ಎಂದು ಅವನ ಕಡೆ ಸರಿಸಿದಳು.

ಪ್ರಲ್ಹಾದ ಕೂತ. ಕನ್ನಡಕ ಒರೆಸಿಕೊಂಡ. ಮೊದಲನೆಯದನ್ನು, ಕಿವಿಯಿಲ್ಲದ್ದನ್ನು, ಎಡಗೈಯಲ್ಲಿ ಹಿಡಿದು ಪೆನ್ನಿನ ಮೊನೆ ತಾಗಿಸಿದ. ಒಂದು ಅಕ್ಷರ ಬರೆದ. ಪಕ್ಕದಲ್ಲಿ ಇನ್ನೊಂದಕ್ಕೆ ಕೈ ಹಾಕಿದ. ಅವಳು ಭುಜದ ಮೇಲಿಂದ ಬಗ್ಗಿ ನೋಡಿದಳು. ಅಡಿಯಲ್ಲಿ 'ಸಿಂ' ಎಂದಿತ್ತು, ಮುಂದೆ 'ಧೂ' ಅರ್ಧವಾಗಿತ್ತು.

"ಅಂಕಲ್! ಏನ್ ಬರೀತಿದೀರಾ?"

"ಮಾಡಿದವರ ಹೆಸರು."

"ಅಯ್ಯೋ, ಬೇಡ ಬೇಡ! ನನ್ನ ಹೆಸರಾ? ಇದರ ಮೇಲಾ?" ಅವಳು ಕುದುರೆಯನ್ನು ಅವನ ಕೈಯಿಂದ ಕಿತ್ತುಕೊಂಡೇ ಬಿಟ್ಟಳು. "ಛೀ, ಎಷ್ಟು ಅಸಹ್ಯವಾಗಿದೆ ನೋಡಿ ಇದು! ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ ನನ್ನನ್ನ?"

ಪ್ರಲ್ಹಾದ ಪೆನ್ನನ್ನು ಅದರ ಗೂಡಿನಲ್ಲಿಟ್ಟು ಸ್ವಿಚ್ಚು ಆರಿಸಿದ. ಇಷ್ಟು ದಿನ ಮೇಡಂ ಎಂದವನ ಬಾಯಲ್ಲಿ ಈಗ ಆ ಮಾತು ಬರಲಿಲ್ಲ.

"ಹಂಗಾರ ನಂದ್ಯಾಕ, ತಂಗಿ?"

ಹೊರಗೆ ಕಾರು ಬಂದು ನಿಂತ ಸದ್ದಾಯಿತು. ಸಿಂಧೂರ ಬಾಗಿಲ ಕಡೆ ನೋಡಿ, ಅವನ ಕಡೆ ನೋಡಿ, ಸರಕ್ಕನೆ ಒಂದು ಚೂರು ಉಪ್ಪುಕಾಗದ ತೆಗೆದುಕೊಂಡು ಕುದುರೆಯ ಅಡಿಯನ್ನು ಉಜ್ಜತೊಡಗಿದಳು. ಮರದ ಎಳೆಯ ಗುಂಟ, ಒಂದೇ ಹದದಲ್ಲಿ, ಊದಿ ಊದಿ ನೋಡುತ್ತ, 'ಸಿಂ'ನ ಸೊನ್ನೆಯ ಗುರುತೂ ಉಳಿಯದ ಹಾಗೆ ಉಜ್ಜಿದಳು. ಅಷ್ಟು ಚೊಕ್ಕ ಕೆಲಸವನ್ನು ಅವಳ ಕೈಯಿಂದ ಪ್ರಲ್ಹಾದ ನೋಡಿದ್ದು ಅದೇ ಮೊದಲು. ಅವನು ಚೀಲ ಹೆಗಲಿಗೆ ಹಾಕಿ ಹಿಂದಿನ ಬಾಗಿಲಿನಿಂದ ಹೊರಟ. ಕಿವಿಯಿಲ್ಲದ ಮೋರೆಗೆ ಮರುಳಾದ ವಿಕಾಸ ಅಡಿ ತಿರುಗಿಸಿ ನೋಡಲೇ ಇಲ್ಲವಂತೆ. ನಾಲ್ಕು ಕುದುರೆಗಳು ಯಾರ ಹೆಸರೂ ಇಲ್ಲದೆ ತಳೇಗಾಂವಿಗೆ ಹೋದವು.